ಕಲೆಯಿಲ್ಲದ ದ್ರಾಕ್ಷಿ ತೋಟ

ಯಲಹಂಕದ ಹಳೇ ಪೇಟೆ ಬೀದಿಯಲ್ಲಿ ಪೂರ್ಣಚಂದ್ರ ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ವೇಣುಗೋಪಾಲರನ್ನು ಯಾರಾದರೂ ಫೋಟೋಗ್ರಾಫರ್ ಎಂದರೆ ಅವರ ಮುಖ ಸಣ್ಣಗಾಗುತ್ತಿತ್ತು. ಫೋಟೋ ತೆಗೆಯುವುದು ಯಂತ್ರದ ಕೆಲಸ, ಹಿಟ್ಟಿನ ಗಿರಣಿಯವನೂ ಗುಂಡಿ ಒತ್ತುತ್ತಾನೆ, ಅವನನ್ನು ಯಾರಾದರೂ ಕಲಾವಿದ ಅಂತಾರೆಯೇ ಎಂಬುದು ಅವರ ಪ್ರಶ್ನೆ. ಅವರ ಪ್ರಕಾರ ನಿಜವಾದ ಕೆಲಸ ಶುರುವಾಗುವುದು ನೆಗೆಟಿವ್ ಒಣಗಿದ ಮೇಲೆ.

ಅದಕ್ಕೆಂದೇ ಕಿಟಕಿಯ ಪಕ್ಕ ಒಂದು ಇಳಿಜಾರು ಮೇಜು ಇತ್ತು. ಮೇಜಿನ ನಡುವೆ ಗಾಜಿನ ಕಿಂಡಿ, ಕೆಳಗಿನಿಂದ ಬೆಳಕು ಬರಲು ಒಂದು ಕನ್ನಡಿ, ಕಿಂಡಿಯ ಮೇಲೆ ನೆಗೆಟಿವ್, ನೆಗೆಟಿವ್ ಮೇಲೆ ವೇಣುಗೋಪಾಲರ ಮೂಗು. ಕೈಯಲ್ಲಿ ಮರಳು ಕಾಗದಕ್ಕೆ ಉಜ್ಜಿ ಉಜ್ಜಿ ಸೂಜಿಯಷ್ಟು ಚೂಪು ಮಾಡಿದ ಪೆನ್ಸಿಲ್ಲು. ಮುಖದ ಮೇಲಿನ ಮೊಡವೆ, ಮಚ್ಚೆ, ಸಿಡುಬಿನ ಗುಳಿ ಎಲ್ಲವೂ ನೆಗೆಟಿವ್‌ನಲ್ಲಿ ತಿಳಿ ಚುಕ್ಕೆಗಳಾಗಿ ಕೂತಿರುತ್ತವೆ. ಆ ಚುಕ್ಕೆಗಳನ್ನು ಪೆನ್ಸಿಲ್ಲಿನಿಂದ ತುಂಬಿಬಿಟ್ಟರೆ, ಪ್ರಿಂಟ್ ಹಾಕಿದಾಗ ಕಪ್ಪೆಲ್ಲ ಮಾಯವಾಗಿ ಕೆನ್ನೆ ಬೆಣ್ಣೆಯಂತೆ ಬರುತ್ತದೆ. ಹೀಗೆ ಯಲಹಂಕದ ಸುತ್ತಮುತ್ತಲ ಹತ್ತಾರು ಹಳ್ಳಿಗಳ ಮೊಡವೆಗಳನ್ನು ವೇಣುಗೋಪಾಲರು ಒಬ್ಬರೇ ನಿವಾರಿಸಿದ್ದರು. "ಚಂದ್ರನಿಗೂ ಕಲೆ ಇದೆ ಕಣ್ರೀ, ನನ್ನ ಸ್ಟುಡಿಯೋದಿಂದ ಆಚೆ ಹೋದ ಮುಖಕ್ಕಿಲ್ಲ" ಎಂದು ಅವರು ಗಿರಾಕಿಗಳಿಗೆ ಹೇಳುವಾಗ, ಒಳಗೆ ಅವರ ಹೆಂಡತಿ ಗೋದಾ ಒಗ್ಗರಣೆಯ ಸೌಟನ್ನು ಬೇಕೆಂದೇ ಜೋರಾಗಿ ಇಡುತ್ತಿದ್ದಳು.

ಈ ನಿವಾರಣೆಯಿಂದ ಎಲ್ಲರಿಗೂ ಒಳ್ಳೆಯದೇ ಆಯಿತು ಎನ್ನುವ ಹಾಗಿಲ್ಲ. ಟಿ. ದಾಸರಹಳ್ಳಿ ಕಡೆಯ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕ ಶೇಖರಪ್ಪ ಎಂಬಾತ ಗುರುತಿನ ಚೀಟಿಗೆ ಫೋಟೋ ತೆಗೆಸಿಕೊಂಡು ಹೋದ. ಚೀಟಿಯಲ್ಲಿ ಗುರುತು ಎಂಬ ಕಡೆ 'ಎಡಗೆನ್ನೆಯ ಮೇಲೆ ದೊಡ್ಡ ಮಚ್ಚೆ' ಎಂದು ಬರೆದಿತ್ತು, ಪಕ್ಕದ ಫೋಟೋದಲ್ಲಿ ಎಡಗೆನ್ನೆ ಒರೆಸಿದ ಸ್ಲೇಟಿನಂತಿತ್ತು. ಗೇಟಿನವನು ಅವನನ್ನು ಅರ್ಧ ದಿನ ಹೊರಗೆ ನಿಲ್ಲಿಸಿದ. ಶೇಖರಪ್ಪ ನೇರ ಸ್ಟುಡಿಯೋಗೆ ಬಂದು, "ಸಾರ್, ನನ್ ಮಚ್ಚೆ ವಾಪಸ್ ಕೊಡಿ" ಎಂದ. ವೇಣುಗೋಪಾಲರ ಮನಸ್ಸಿಗೆ ನೋವಾಯಿತು. ಮೇಜಿನ ಮುಂದೆ ಕೂತು ಅಳಿಸಿದ್ದನ್ನು ಮತ್ತೆ ಬರೆದುಕೊಟ್ಟರಾದರೂ, ಮೊದಲಿಗಿಂತ ಚಿಕ್ಕದಾಗಿ, ದುಂಡಗೆ, ಲಕ್ಷಣವಾಗಿ ಬರೆದರು.

ಆವತ್ತು ಗೋದಾ ಅಂದಳು: "ನಿಮ್ ಕೈಗೆ ಭೂಪಟ ಕೊಟ್ರೆ ಊರುಗಳನ್ನೆಲ್ಲ ಅಳಿಸ್ಬಿಡ್ತೀರಿ. ಚುಕ್ಕೆ ಕಂಡ್ರೆ ನಿಮಗೆ ಕೈ ತಡೆಯೋದಿಲ್ಲ."

ಅಳಿಸಿದ್ದರಿಂದ ಒಳ್ಳೆಯದಾದ ಕಥೆಯೂ ಒಂದಿತ್ತು. ಅದನ್ನು ವೇಣುಗೋಪಾಲರು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದರು. ಕೊಡಿಗೇಹಳ್ಳಿಯಲ್ಲಿ ದ್ರಾಕ್ಷಿ ತೋಟ ಇಟ್ಟಿದ್ದ ಲಕ್ಷ್ಮಿದೇವಮ್ಮ ತನ್ನ ಮಗಳ ಫೋಟೋ ತೆಗೆಸಿದ್ದಳು. ಹುಡುಗಿಯ ಮುಖದಲ್ಲಿ ಸಿಡುಬಿನ ಗುಳಿ. ವೇಣುಗೋಪಾಲರು ಎರಡು ದಿನ ಕೂತು ಅದನ್ನೆಲ್ಲ ತುಂಬಿದರು. ಫೋಟೋ ನೋಡಿ ಮೆಚ್ಚಿ ದೇವನಹಳ್ಳಿ ಕಡೆಯ ಗಂಡಿನವರು ಬಂದರು. ಹುಡುಗಿಯನ್ನು ನೋಡಿ, "ಇವಳು ಅಕ್ಕನಾ? ತಂಗೀನ ಕರೀರಿ" ಎಂದರು. ಲಕ್ಷ್ಮಿದೇವಮ್ಮ ತನ್ನ ಕೈಯಲ್ಲಿದ್ದ ಗಂಡಿನ ಫೋಟೋವನ್ನೂ ಎದುರಿಗೆ ಕೂತಿದ್ದ ಗಂಡನ್ನೂ ಒಮ್ಮೆ ನೋಡಿ, "ನೀವು ಮೊದ್ಲು ತಮ್ಮನ್ನ ಕರೀರಿ" ಎಂದಳು. ಗಂಡಿಗೂ ಸಿಡುಬು ಬಂದುಹೋಗಿತ್ತು, ಅವನ ಫೋಟೋ ತೆಗೆದವರೂ ಪೂರ್ಣಚಂದ್ರ ಸ್ಟುಡಿಯೋದವರೇ ಆಗಿದ್ದರು. ಎರಡು ಕಡೆಯವರೂ ನಕ್ಕು, ಮದುವೆ ನಡೆದೇಹೋಯಿತು. ಅಂದಿನಿಂದ ಲಕ್ಷ್ಮಿದೇವಮ್ಮನಿಗೆ ವೇಣುಗೋಪಾಲರ ಮಾತು ಎಂದರೆ ಮಾತು.

೧೯೭೮ರ ನವೆಂಬರಿನಲ್ಲಿ ಸ್ಟುಡಿಯೋದ ಮುಂದೆ ಒಂದು ಜೀಪು ನಿಂತಿತು. ಇಳಿದವರು ಡಾಕ್ಟರ್ ಗುರುಪಾದಪ್ಪ. ರೋಗಿಗಳ ಡಾಕ್ಟರಲ್ಲ, ಗಿಡಗಳ ಡಾಕ್ಟರು. ವಿಜಾಪುರದ ಕಡೆಯವರು, ಹೆಬ್ಬಾಳದ ಹತ್ತಿರ ಒಂದು ಸಂಶೋಧನಾ ಕಚೇರಿಯಲ್ಲಿ ಹಣ್ಣಿನ ಬೆಳೆಗಳ ಬೂಜು ರೋಗಗಳ ಮೇಲೆ ಕೆಲಸ. ಅವರ ಕೈಯಲ್ಲಿ ಮಂಜುಗಡ್ಡೆ ತುಂಬಿದ ಒಂದು ಡಬ್ಬಿ, ಆ ಮಂಜುಗಡ್ಡೆಯ ನಡುವೆ ಇನ್ನೊಂದು ಪುಟ್ಟ ಡಬ್ಬಿ.

"ವೇಣುಗೋಪಾಲರ, ಇದು ಹೊರದೇಶದಿಂದ ತರಿಸಿದ ಫಿಲ್ಮ್ ನೋಡ್ರಿ. ಇನ್‌ಫ್ರಾರೆಡ್ ಅಂತಾರ. ನಮ್ಮ ಕಣ್ಣಿಗೆ ಕಾಣಲಾರದ ಬೆಳಕು ಇದಕ್ಕ ಕಾಣ್ತದ. ದ್ರಾಕ್ಷಿ ಎಲಿಯೊಳಗ ಬೂಜು ಹೊಕ್ಕಿದ್ರ, ಕಲಿ ಹೊರಗ ಕಾಣೋಕಿಂತ ನಾಕೈದು ದಿನ ಮೊದಲ ಈ ಫಿಲ್ಮಿನ್ಯಾಗ ಗೊತ್ತಾಗ್ತದ ಅಂತ ನನ್ನ ನಂಬಿಕಿ. ಪರೀಕ್ಷಾ ಮಾಡಬೇಕಾಗೇದ. ದೊಡ್ಡ ಕ್ಯಾಮೆರಾ ಇರೋ ಮನಷ್ಯಾ ಬೇಕು. ನಿಮ್ಮ ಹೆಸರು ಹೇಳಿದ್ರು."

"ಯಾರು ಹೇಳಿದ್ರು?" ಎಂದರು ವೇಣುಗೋಪಾಲರು. ಈ ಪ್ರಶ್ನೆಗೆ ಉತ್ತರ ಅವರಿಗೆ ಬಹಳ ಮುಖ್ಯವಾಗಿತ್ತು.

"ಎಲ್ಲಾರೂ ಹೇಳಿದ್ರು" ಎಂದರು ಡಾಕ್ಟರು. ಹಾಗೆ ನೋಡಿದರೆ ಆ ಕಡೆ ದೊಡ್ಡ ಕ್ಯಾಮೆರಾ ಇದ್ದವರು ವೇಣುಗೋಪಾಲರೊಬ್ಬರೇ.

ಆಮೇಲೆ ಡಾಕ್ಟರು ತಾಳ್ಮೆಯಿಂದ ವಿವರಿಸಿದರು. ಫಿಲ್ಮನ್ನು ಪೂರಾ ಕತ್ತಲಲ್ಲೇ ತೆಗೆಯಬೇಕು, ಕೆಂಪು ಬಲ್ಬು ಕೂಡ ಕೂಡದು. ಮಸೂರಕ್ಕೆ ಗಾಢ ಕೆಂಪು ಗಾಜು ಹಾಕಬೇಕು. ಆರೋಗ್ಯದ ಎಲೆ ಬೆಳ್ಳಗೆ ಬರುತ್ತದೆ, ರೋಗ ತಗುಲಿದ್ದು ಮಂಕಾಗಿ, ಕಪ್ಪಗೆ ಬರುತ್ತದೆ. ಕೊನೆಯ ಮಾತು ಬರುವ ಹೊತ್ತಿಗೆ ವೇಣುಗೋಪಾಲರು ಮನಸ್ಸಿನಲ್ಲೇ ಸ್ಟುಡಿಯೋದ ಬೋರ್ಡನ್ನು ಬದಲಾಯಿಸುತ್ತಿದ್ದರು. 'ಮದುವೆ, ನಾಮಕರಣ, ಪಾಸ್‌ಪೋರ್ಟ್' ಎಂಬುದರ ಮೇಲೆ 'ವಿಜ್ಞಾನ' ಎಂದು ಬರೆಸಬೇಕೋ, ಕೆಳಗೆ ಬರೆಸಬೇಕೋ ಎಂಬುದು ಪ್ರಶ್ನೆಯಾಗಿತ್ತು. ಆದ್ದರಿಂದ ಅವರು ಡಾಕ್ಟರ ಮಾತಿಗೆಲ್ಲ ತಲೆಯಾಡಿಸಿದರು. ಕಿವಿಗೆ ಬಿದ್ದದ್ದು 'ಬೆಳ್ಳಗೆ ಬಂದರೆ ಒಳ್ಳೆಯದು' ಎಂಬಷ್ಟೇ. ಸ್ಟುಡಿಯೋ ನಡೆಸುವವರಿಗೆ ಅದು ಹೊಸ ವಿಷಯವೂ ಆಗಿರಲಿಲ್ಲ.

ತೋಟ ಬೇಕಲ್ಲ. ಲಕ್ಷ್ಮಿದೇವಮ್ಮನ ಹತ್ತಿರ ಇಬ್ಬರೂ ಹೋದರು. ಅವಳು ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಬಳ್ಳಿ ಕಟ್ಟುವ ಬಾಳೆ ನಾರು ಸೀಳುತ್ತಿದ್ದಳು. ಅಕ್ಟೋಬರಿನಲ್ಲಿ ಸವರಿದ ಬಳ್ಳಿ ಚಿಗುರಿ, ಚಪ್ಪರದ ತುಂಬ ಎಳೆ ಎಲೆ ಹರಡಿತ್ತು. ಡಾಕ್ಟರು ವಿಷಯ ಹೇಳಿದರು. ಬಾವಿಯ ಮಗ್ಗುಲಿನ ಅರ್ಧ ತೋಟಕ್ಕೆ ಔಷಧಿ ಹೊಡೆಯುವುದನ್ನು ನಿಲ್ಲಿಸಬೇಕು, ವಾರಕ್ಕೊಮ್ಮೆ ಫೋಟೋ ತೆಗೆಯಬೇಕು, ಫೋಟೋದಲ್ಲಿ ರೋಗ ಕಂಡ ದಿನವೇ ಹೊಡೆಯಬೇಕು.

ಲಕ್ಷ್ಮಿದೇವಮ್ಮ ನಾರು ಸೀಳುವುದನ್ನು ನಿಲ್ಲಿಸಲಿಲ್ಲ. "ಮೋಡ ಕಟ್ಟೈತೆ. ಜಡಿ ಮಳೆ ಇಡ್ಕಂತು ಅಂದ್ರೆ ಬೂಜು ಬಂತು ಅಂತ್ಲೇ ಲೆಕ್ಕ. ಎಲೆ ಮ್ಯಾಲೆ ಎಣ್ಣೆ ಚೆಲ್ದಂಗೆ ಕಾಣೋ ಒತ್ಗೆ ಎಲ್ಲಾ ಮುಗ್ದೋಗಿರ್ತದೆ. ಮೈಲುತುತ್ತ, ಸುಣ್ಣ ಕಲ್ಸಿ ಒಡ್ಕಂಡು ಎಂಗೋ ಇದೀನಿ. ನೀವು ಒಡೀಬೇಡ ಅಂತೀರ?"

"ಅವ್ವಾರ, ನೀವು ಹೊಡೀತಿರೋದು ಕಣ್ಣು ಮುಚ್ಚಿಕೊಂಡು ಹೊಡ್ದಂಗ ಅದ. ರೋಗ ಇದ್ರೂ ಹೊಡೀತೀರಿ, ಇಲ್ಲದಿದ್ರೂ ಹೊಡೀತೀರಿ."

"ಮಕ್ಳಿಗೆ ದೃಷ್ಟಿ ತೆಗಿಯಾದೂ ಇಂಗೇನೇಯ. ಆಗೈತಾ ಇಲ್ವಾ ಅಂತ ಯಾರು ನೋಡಾಕೋಯ್ತಾರೆ?" ಎಂದು ಅವಳು ವೇಣುಗೋಪಾಲರ ಕಡೆ ತಿರುಗಿದಳು. "ಈವಯ್ಯ ಯಾರೋ ನಂಗೊತ್ತಿಲ್ಲ. ನೀವು ಏಳಿ ಸಾಮಿ. ರೋಗ ಇದ್ರೆ ನಿಮ್ ಫೋಟೋದಾಗೆ ಕಾಣ್ತದಾ?"

ವೇಣುಗೋಪಾಲರು ಸಫಾರಿಯ ಕಾಲರು ಸರಿಮಾಡಿಕೊಂಡರು. "ನನ್ ಕ್ಯಾಮೆರಾ ಕಣ್ಣಿಂದ ಯಾವ್ದೂ ತಪ್ಪಿಸ್ಕೊಳ್ಳೋದಿಲ್ಲ ಕಣಮ್ಮ. ನಾನಿದ್ದೀನಲ್ಲ."

"ಈ ಬೆಳೆ ಓದ್ರೆ ನಾನು ಮುಂದ್ಲೊರ್ಸ ಬಳ್ಳಿ ಕಿತ್ತಾಕಿ ರಾಗಿ ಬಿತ್ಬೇಕಾಯ್ತದೆ. ನಮ್ಮೆಜಮಾನ್ರು ಕೈಯಾರೆ ನೆಟ್ಟಿದ್ ಬಳ್ಳಿ."

"ನಾನಿದ್ದೀನಿ ಅಂದ್ನಲ್ಲ."

"ಆಯ್ತು ಬುಡಿ" ಎಂದಳು ಲಕ್ಷ್ಮಿದೇವಮ್ಮ. ಆ ಬಳ್ಳಿಗಳು ಅಂದಿನಿಂದ ಡಾಕ್ಟರ ಶಾಸ್ತ್ರದ ಮೇಲಲ್ಲ, ವೇಣುಗೋಪಾಲರ 'ನಾನಿದ್ದೀನಿ'ಯ ಮೇಲೆ ನಿಂತವು.

ಚಪ್ಪರವನ್ನು ಮೇಲಿನಿಂದ ನೋಡಬೇಕಾದ್ದರಿಂದ ಕ್ಯಾಮೆರಾವನ್ನು ಬಾವಿಯ ಪಕ್ಕದ ಪಂಪ್‌ಹೌಸಿನ ಮೇಲೆ ಏರಿಸಿದ್ದಾಯಿತು. ವೇಣುಗೋಪಾಲರನ್ನು ಏರಿಸುವುದು ಅದಕ್ಕಿಂತ ಕಷ್ಟವಾಯಿತು. ಮೇಲೆ ನಿಂತು ಕಪ್ಪು ಬಟ್ಟೆಯೊಳಗೆ ತಲೆ ಹುದುಗಿಸಿ, ಕೈ ಮಾತ್ರ ಹೊರಗೆ ಚಾಚಿ, ಅವರು ರೂಢಿಯಂತೆ "ಯಾರೂ ಅಲ್ಲಾಡ್ಬೇಡಿ" ಎಂದರು. ಕೆಳಗೆ ಕಳೆ ಕೀಳುತ್ತಿದ್ದ ಹೆಂಗಸರು ಹಾಗೆಹಾಗೇ ಬಗ್ಗಿ ನಿಂತುಬಿಟ್ಟರು.

"ನಿಮಗಲ್ಲ ಹೇಳಿದ್ದು, ಎಲೆಗಳಿಗೆ" ಎಂದರು ವೇಣುಗೋಪಾಲರು ಬಟ್ಟೆಯೊಳಗಿಂದಲೇ.

"ಅವು ನಿಮ್ ಮಾತು ಕೇಳ್ತಾವ?" ಎಂದಳು ಕೂಲಿಯವಳಾದ ಮಾರಮ್ಮ.

ಕೇಳಲಿಲ್ಲ. ಗಾಳಿ ನಿಲ್ಲುವವರೆಗೆ ವೇಣುಗೋಪಾಲರು ಕಾದರು. ಬಿಸಿಲಿನಲ್ಲಿ ಕಪ್ಪು ಬಟ್ಟೆಯೊಳಗೆ ಕಾಯುವುದು ಹೇಗಿರುತ್ತದೆಂದು ಇಡ್ಲಿಗೆ ಮಾತ್ರ ಗೊತ್ತು.

ಮೊದಲ ಪ್ರಿಂಟುಗಳು ಬಂದಾಗ ಸ್ವತಃ ವೇಣುಗೋಪಾಲರೇ ಬೆರಗಾದರು. ಆಕಾಶ ಕಪ್ಪು, ಎಲೆಗಳೆಲ್ಲ ಬಿಳಿ. ಕೊಡಿಗೇಹಳ್ಳಿಯ ಮೇಲೆ ಯಾರೋ ಚೀಲಗಟ್ಟಲೆ ಮಲ್ಲಿಗೆ ಸುರಿದಂತೆ ಚಪ್ಪರ ಬೆಳಗುತ್ತಿತ್ತು. ಇಷ್ಟು ವರ್ಷ ಎಷ್ಟು ಪೆನ್ಸಿಲ್ಲು ಸವೆಸಿದರೂ ಯಾವ ಮದುವೆ ಹೆಣ್ಣಿಗೂ ಅವರು ಈ ಬಣ್ಣ ಕೊಟ್ಟಿರಲಿಲ್ಲ. ಡಾಕ್ಟರು ನೋಡಿ, "ಛಲೋ ಬಂದಾವ್ರಿ. ತೋಟ ಆರೋಗ್ಯದಾಗ ಅದ" ಎಂದರು. ವೇಣುಗೋಪಾಲರು ಅದನ್ನು ತಮ್ಮ ಮೇಲಿನ ಹೊಗಳಿಕೆ ಎಂದೇ ತಿಳಿದರು.

ನಡುವೆ ಎರಡು ದಿನ ತುಂತುರು ಬಿತ್ತು. ಮರುವಾರದ ಫೋಟೋ ತೆಗೆದು, ತೊಳೆದು, ನೆಗೆಟಿವ್ ಒಣಗಿಸಿ, ಕಿಂಡಿಯ ಮೇಲಿಟ್ಟು ನೋಡಿದ ವೇಣುಗೋಪಾಲರು ಮೂಗನ್ನು ಗಾಜಿಗೆ ಇನ್ನಷ್ಟು ಹತ್ತಿರ ತಂದರು. ಬಾವಿಯ ಮೂಲೆಯ ಕಡೆ, ಪ್ರಿಂಟಿನಲ್ಲಿ ಬಿಳಿ ಬರಬೇಕಾದ ಕಡೆಗಳಲ್ಲಿ ತಿಳಿ ಚುಕ್ಕೆಗಳು. ಅಲ್ಲೊಂದು, ಇಲ್ಲೆರಡು, ಅತ್ತ ಒಂದು ಗುಂಪು. ಪ್ರಿಂಟ್ ಹಾಕಿದರೆ ಅಷ್ಟೂ ಕಪ್ಪು ಮಚ್ಚೆಯಾಗಿ ಬರುವಂಥವು.

ಕಸುಬಿನವರಿಗೆ ಇದರ ಕಾರಣ ತಿಳಿದೇ ಇರುತ್ತದೆ. ಫಿಲ್ಮ್ ತೊಳೆಯುವಾಗ ಔಷಧಿಯ ನೀರಿನಲ್ಲಿ ಗಾಳಿಗುಳ್ಳೆ ಅಂಟಿಕೊಂಡರೆ ಆ ಜಾಗ ಹೀಗೇ ತಿಳಿಯಾಗಿ ಉಳಿದುಬಿಡುತ್ತದೆ. ಹೊಸದಾಗಿ ಕೆಲಸ ಕಲಿಯುವವರು ಮಾಡುವ ತಪ್ಪು. ಕೆಂಪು ಬಲ್ಬೂ ಇಲ್ಲದ ಕತ್ತಲಲ್ಲಿ ತಟ್ಟೆ ಅಲ್ಲಾಡಿಸುವಾಗ ಕೈ ಸೋತಿರಬೇಕು. ಅದೂ ಹೊರದೇಶದ ಫಿಲ್ಮಿನಲ್ಲಿ, ಅದೂ ಒಬ್ಬ ಡಾಕ್ಟರಿಗೆ ಕೊಡಬೇಕಾದದ್ದರಲ್ಲಿ.

ಕಾಫಿ ತಂದ ಗೋದಾ ಇಣುಕಿದಳು. "ಏನದು, ಸೊಳ್ಳೆ ಕಚ್ಚಿದ ಹಾಗೆ?"

"ಗಾಳಿಗುಳ್ಳೆ. ನಿನಗೆ ಗೊತ್ತಾಗೋದಿಲ್ಲ."

"ಡಾಕ್ಟ್ರಿಗೆ ಹಾಗೇ ಕೊಟ್ಬಿಡಿ. ಅವರಿಗೆ ಬೇಕಾಗಿರೋದು ಎಲೆ ತಾನೆ, ಹುಡುಗಿ ಅಲ್ಲವಲ್ಲ."

"ಹಾಗೇ ಕೊಡೋದಾ? ವಿಜ್ಞಾನಕ್ಕೆ?" ಎಂದರು ವೇಣುಗೋಪಾಲರು. ಗೋದಾ ಲೋಟ ಇಟ್ಟು ಹೋದಳು. ವಿಜ್ಞಾನ ಮನೆಗೆ ಬಂದ ಮೇಲೆ ಅವಳ ಗಂಡ ಸೊಪ್ಪಿನ ಸಾರನ್ನೂ ಕಪ್ಪು ಬಟ್ಟೆ ಹೊದ್ದವರಂತೆ ಬಗ್ಗಿ ನೋಡತೊಡಗಿದ್ದರು.

ನೆಗೆಟಿವ್ ಮೇಲೆ ಪೆನ್ಸಿಲ್ಲು ಹಿಡಿಯಲೆಂದು ಮೆರುಗೆಣ್ಣೆ ಸವರಿ, ವೇಣುಗೋಪಾಲರು ಮಧ್ಯಾಹ್ನ ಪೂರ್ತಿ ಕೂತರು. ಒಂದು ಚುಕ್ಕೆಯನ್ನೂ ಬಿಡಲಿಲ್ಲ. ದೂರದ ಎಲೆಗಳ ಅಂಚಿನಲ್ಲಿದ್ದ ಸಣ್ಣ ಮಬ್ಬನ್ನೂ ತುಂಬಿದರು. ಕೊನೆಗೆ ಮುಂದಿನ ನಾಲ್ಕೈದು ಎಲೆಗಳಿಗೆ, ಯಾರೂ ಕೇಳದಿದ್ದರೂ, ಒಂದಿಷ್ಟು ಹೊಳಪು ಕೊಟ್ಟರು. ಸಂಜೆ ಪ್ರಿಂಟ್ ಎತ್ತಿ ಹಿಡಿದಾಗ ಲಕ್ಷ್ಮಿದೇವಮ್ಮನ ತೋಟ ಹಸೆಮಣೆಗೆ ಹೊರಟಂತಿತ್ತು.

ಡಾಕ್ಟರು ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಅವರ ಮುಖದಲ್ಲಿ ಸಂತೋಷಕ್ಕಿಂತ ಬೇಸರವೇ ಹೆಚ್ಚಿದ್ದಂತೆ ಕಂಡಿತು. "ಮಳಿ ಆದ್ರೂ ಒಂದ್ ಕಲಿ ಇಲ್ಲ. ನಾ ಬರ್ತದ ಅಂತ ಮಾಡಿದ್ದೆ. ಇರ್ಲಿ, ಫಿಲ್ಮ್ ಹೇಳಿದ ಮ್ಯಾಲ ಮುಗೀತು. ಔಷಧ ಬ್ಯಾಡ" ಎಂದರು. ವೇಣುಗೋಪಾಲರು ಕೃತಾರ್ಥರಾದರು.

ಆ ಭಾನುವಾರ ಬೆಳಿಗ್ಗೆ ಕೊಡಿಗೇಹಳ್ಳಿ ಶಾಲೆಯಲ್ಲಿ ದ್ರಾಕ್ಷಿ ಬೆಳೆಗಾರರ ಸಭೆ. ಹೊಸ ವಿಧಾನದ ಬಗ್ಗೆ ಡಾಕ್ಟರ ಮಾತು, ಛಾಯಾಗ್ರಾಹಕರಿಗೆ ಹಾರ. ಹಾರದ ವಿಷಯ ತಿಳಿದದ್ದೇ ವೇಣುಗೋಪಾಲರು ಬಿಳಿ ಸಫಾರಿಯನ್ನು ಇಸ್ತ್ರಿಗೆ ಕೊಟ್ಟರು. ಎರಡು ಮಾತು ಆಡಬೇಕಾಗಬಹುದೆಂದು, ಬೆಳಕು ಮತ್ತು ಸತ್ಯದ ಸಂಬಂಧವಾಗಿ ಒಂದು ಭಾಷಣ ಬಾಯಿಪಾಠ ಮಾಡಿ ಗೋದಾಳಿಗೆ ಒಪ್ಪಿಸಿದರು. ಅವಳು ಅಕ್ಕಿ ಆರಿಸುತ್ತ ಕೇಳಿ, "ನೀರು ತಗೊಂಡ್ಹೋಗಿ, ಉದ್ದ ಇದೆ" ಎಂದಳು.

ಸಭೆಯಲ್ಲಿ ಅಧ್ಯಕ್ಷ ಶ್ರೀರಾಮಪ್ಪನವರು ಹಾರ ಹಾಕಿದರು. ವೇಣುಗೋಪಾಲರು ಸೇವಂತಿಗೆಯ ಮೇಲಿಂದ ಸಭೆಯನ್ನು ನೋಡಿದರು. ಮುಂದಿನ ಸಾಲಿನಲ್ಲೇ ಲಕ್ಷ್ಮಿದೇವಮ್ಮ, ಸೆರಗು ಹೊದ್ದು, ತನ್ನ ಮನೆಯ ಮದುವೆಗೆ ಬಂದವಳಂತೆ ಕೂತಿದ್ದಳು. ಹೊರಗೆ ಮೋಡ ಶಾಲೆಯ ಹೆಂಚಿನವರೆಗೆ ಇಳಿದಿತ್ತು.

ಡಾಕ್ಟರು ಕರಿಹಲಗೆಗೆ ಎರಡು ದೊಡ್ಡ ಫೋಟೋ ತೂಗುಹಾಕಿದರು. "ಎಡಗಡೆ ಇರೋದು ಲಕ್ಷ್ಮಿದೇವಮ್ಮನವರ ತೋಟ. ನೋಡ್ರಿ, ಹಾಲಿನಂಗ ಅದ. ಬಲಗಡಿಂದು ಹೊರದೇಶದ್ದು, ರೋಗ ಬಂದ ತೋಟ. ಈ ಕರೀ ಮಚ್ಚಿ ಅದಾವಲ್ರಿ, ಅವ ರೋಗ. ಬರಿಗಣ್ಣಿಗೆ ಆವತ್ತ ಅಲ್ಲಿ ಏನೂ ಕಾಣ್ತಿರಲಿಲ್ಲ."

ವೇಣುಗೋಪಾಲರು ಕುತ್ತಿಗೆ ಹೊರಳಿಸಿ ಬಲಗಡೆಯ ಫೋಟೋ ನೋಡಿದರು. ಅಲ್ಲೊಂದು, ಇಲ್ಲೆರಡು, ಅತ್ತ ಒಂದು ಗುಂಪು. ಆ ಮಚ್ಚೆಗಳ ಪರಿಚಯ ಅವರ ಬೆರಳಿಗಿತ್ತು. ಯಾವುದಕ್ಕೆ ಎಷ್ಟು ಗೀಟು ಬೇಕಾಗುತ್ತದೆಂದು ಅವರು ಕಣ್ಣುಮುಚ್ಚಿ ಹೇಳಬಲ್ಲವರಾಗಿದ್ದರು.

"ಹಂಗಾಗಿ ಲಕ್ಷ್ಮಿದೇವಮ್ಮನವರು ಮುಂದಿನ ವಾರದ ತನಕ ಔಷಧ ಹೊಡಿಯೂ ಅವಶ್ಯಕತಾನ ಇಲ್ಲ" ಎಂದರು ಡಾಕ್ಟರು. ಲಕ್ಷ್ಮಿದೇವಮ್ಮ ಅಕ್ಕಪಕ್ಕದವರ ಕಡೆ ನೋಡಿ ತಲೆದೂಗಿದಳು. "ಈಗ ಈ ಫೋಟೋ ತೆಗೆದ ಮಹನೀಯರು ಎರಡು ಮಾತು ಆಡ್ತಾರ."

ವೇಣುಗೋಪಾಲರು ಎದ್ದರು. ಬೆಳಕು ಮತ್ತು ಸತ್ಯ ಎರಡೂ ನೆನಪಿಗೆ ಬರಲಿಲ್ಲ. ಒಂದು ಕಡೆ ಹಾರ, ಇನ್ನೊಂದು ಕಡೆ ಬಾವಿಯ ಮಗ್ಗುಲಿನ ಅರ್ಧ ತೋಟ. ನಿಜ ಹೇಳಿದರೆ ಇಷ್ಟು ಜನರ ಮುಂದೆ ಮಾನ ಹೋಗುತ್ತದೆ, ಹೇಳದಿದ್ದರೆ ಬಳ್ಳಿ ಹೋಗುತ್ತದೆ. ಎರಡೂ ಉಳಿಯುವ ದಾರಿ ಇದ್ದೀತೇ ಎಂದು ಅವರು ಮೊದಲು ಒಂದು ಪ್ರಯತ್ನ ಮಾಡಿದರು.

"ಸಭಿಕರೇ, ವಿಜ್ಞಾನ ದೊಡ್ಡದು. ಆದ್ರೂ ಹಿರಿಯರು ಮಾಡ್ಕೊಂಡು ಬಂದಿದ್ದನ್ನ ಬಿಡಬಾರದು. ಲಕ್ಷ್ಮಿದೇವಮ್ಮನವರು ಇವತ್ತೇ ಒಂದ್ ಸಲ ಔಷಧಿ ಹೊಡೆದುಬಿಟ್ರೆ... ಶಾಸ್ತ್ರಕ್ಕೆ..."

"ಯಾಕ್ರಿ?" ಎಂದರು ಡಾಕ್ಟರು ಹಿಂದಿನಿಂದ.

"ಭಾನುವಾರ ಒಳ್ಳೇದು ಅಂತಾರೆ."

ಸಭೆ ನಕ್ಕಿತು. ಲಕ್ಷ್ಮಿದೇವಮ್ಮ ನಗಲಿಲ್ಲ. "ಸಾಮಿ, ಬ್ಯಾಡ ಅಂತ ಏಳ್ದೋರೂ ನೀವೇ, ಒಡಿ ಅಂತ ಏಳೋರೂ ನೀವೇ. ಅಡ್ಡಗೋಡೆ ಮ್ಯಾಲೆ ದೀಪ ಇಟ್ಟಂಗೆ ಮಾತಾಡ್ಬೇಡಿ. ಫೋಟೋದಾಗೆ ರೋಗ ಐತಾ ಇಲ್ವಾ?"

ಹಾರ ವೇಣುಗೋಪಾಲರ ಕುತ್ತಿಗೆಯ ಹಿಂದೆ ಚುಚ್ಚುತ್ತಿತ್ತು.

"ಇತ್ತು" ಎಂದರು.

"ಇತ್ತು ಅಂದ್ರ?" ಡಾಕ್ಟರು ಎದ್ದು ನಿಂತರು.

"ಬಾವಿ ಕಡೆ ಕಪ್ಪು ಚುಕ್ಕೆ ಬಂದಿತ್ತು. ನನ್ನ ತೊಳೆಯೋ ತಪ್ಪು ಅಂದ್ಕೊಂಡೆ. ನಿಮ್ಮ ಮುಂದೆ ಕಲೆ ಇರೋ ಫೋಟೋ ಇಡೋದಕ್ಕೆ ನಾಚಿಕೆಯಾಯ್ತು. ಪೆನ್ಸಿಲ್ಲಲ್ಲಿ... ತುಂಬಿದೆ."

ಡಾಕ್ಟರು ಕರಿಹಲಗೆಯ ಹತ್ತಿರ ಹೋಗಿ ಎಡಗಡೆಯ ಫೋಟೋಕ್ಕೆ ಮೂಗು ತಾಗಿಸಿ ನೋಡಿದರು. "ಎಷ್ಟು ಚಂದ ತುಂಬೀರಿ" ಎಂದರು. ಅದು ಬೈಗುಳವೋ ಮೆಚ್ಚುಗೆಯೋ ವೇಣುಗೋಪಾಲರಿಗೆ ಕೊನೆಯವರೆಗೂ ಬಗೆಹರಿಯಲಿಲ್ಲ.

ಲಕ್ಷ್ಮಿದೇವಮ್ಮ ನಿಧಾನವಾಗಿ ಎದ್ದಳು. "ನನ್ ಮಗ್ಳಿಗೆ ಮಾಡ್ದಂಗೆ ನನ್ ತೋಟಕ್ಕೂ ಮಾಡ್ಬುಟ್ರಾ? ಅವ್ಳಿಗೇನೋ ಅಂಥೋನೇ ಒಬ್ಬ ಸಿಕ್ದ. ಈ ತೋಟಾನ ಯಾರ್ಗ್ ಕೊಟ್ಟು ಮದ್ವೆ ಮಾಡ್ಲಿ?"

ಈ ಸಲ ಸಭೆ ನಕ್ಕ ರೀತಿಗೆ ಹೆಂಚಿನ ಮೇಲಿದ್ದ ಪಾರಿವಾಳಗಳು ಹಾರಿಹೋದವು. ವೇಣುಗೋಪಾಲರು ಹಾರ ತೆಗೆದು ಮೇಜಿನ ಮೇಲಿಟ್ಟರು. ಆದರೆ ಕೂರಲಿಲ್ಲ. "ನಗೋದು ಆಮೇಲೆ ನಗಬಹುದು. ಪೆನ್ಸಿಲ್ಲು ಅಳಿಸಿದ್ರೆ ಹೋಗುತ್ತೆ. ಎಲ್ಲೆಲ್ಲಿ ಬಂದಿದೆ ಅಂತ ಗೊತ್ತಾಗುತ್ತೆ. ಡಾಕ್ಟ್ರೇ, ಜೀಪ್ ತೆಗೀರಿ" ಎಂದರು. ಆವತ್ತು ಅವರು ಆಡಿದ ಮಾತುಗಳಲ್ಲಿ ತಡವರಿಸದೆ ಆಡಿದ್ದು ಅದೊಂದೇ.

ಯಲಹಂಕದಲ್ಲಿ ಮೇಜಿನ ಮುಂದೆ ಕೂತು, ಹತ್ತಿಯನ್ನು ಟರ್ಪೆಂಟೈನಿನಲ್ಲಿ ಅದ್ದಿ, ವೇಣುಗೋಪಾಲರು ತಮ್ಮ ಒಂದು ಮಧ್ಯಾಹ್ನದ ಕಲೆಗಾರಿಕೆಯನ್ನು ಒರೆಸಿದರು. ಒಂದೊಂದು ಸಲ ಒರೆಸಿದಾಗಲೂ ಒಂದೊಂದು ತಿಳಿ ಚುಕ್ಕೆ ಕಣ್ಣುಬಿಟ್ಟಿತು. ಡಾಕ್ಟರು ಹಿಂದೆ ನಿಂತು, "ಬಾವಿಯಿಂದ ಮೂರನೇ ಸಾಲು... ಅಲ್ಲೊಂದು... ಭೇಷ್" ಎಂದು ಉಬ್ಬುತ್ತ, ಚಪ್ಪರದ ನಕ್ಷೆಯಲ್ಲಿ ಗುರುತು ಹಾಕಿಕೊಂಡರು. ಗೋದಾ ಬಾಗಿಲಲ್ಲಿ ನಿಂತು ನೋಡಿದಳು. ಅವಳಿಗೆ ಹೇಳಬೇಕಾದದ್ದು ಬಹಳವಿತ್ತು. ಗಂಡನ ಕೈಯಲ್ಲಿದ್ದ ಹತ್ತಿ ಕಪ್ಪಾದುದನ್ನು ಕಂಡು, ಇನ್ನೊಂದು ಉಂಡೆ ಹತ್ತಿ ತಂದಿಟ್ಟಳು.

ಅವರು ತೋಟಕ್ಕೆ ಬರುವ ಹೊತ್ತಿಗೆ ಲಕ್ಷ್ಮಿದೇವಮ್ಮ ಮರದ ಪೀಪಾಯಿಯಲ್ಲಿ ಮೈಲುತುತ್ತ ಕರಗಿಸಿ ಸುಣ್ಣದ ತಿಳಿ ಬೆರೆಸುತ್ತಿದ್ದಳು. ಕುಡುಗೋಲಿನ ತುದಿಯನ್ನು ಅದರೊಳಗೆ ಅದ್ದಿ ತೆಗೆದು ನೋಡಿ, ತಾಮ್ರದ ಕೆಂಪು ಹತ್ತಿದ್ದರಿಂದ ಸುಣ್ಣ ಸಾಲದೆಂದು ತಿಳಿದು ಇನ್ನಷ್ಟು ಹಾಕಿದಳು. ಭಾನುವಾರವಾದ್ದರಿಂದ ಕಾಲು ಪಂಪು ತುಳಿಯುವ ಆಳು ಬಂದಿರಲಿಲ್ಲ. ಅವಳು ವೇಣುಗೋಪಾಲರ ಕಡೆ ನೋಡಿದಳು. ಪಂಪಿನ ಕಡೆ ಗದ್ದ ಎತ್ತಿದಳು.

ವೇಣುಗೋಪಾಲರು ಬಿಳಿ ಸಫಾರಿಯಲ್ಲೇ ಪಂಪು ತುಳಿದರು. ಮಾರಮ್ಮ ಕೊಳವೆ ಹಿಡಿದು, ಡಾಕ್ಟರು ತೋರಿಸಿದ ಸಾಲುಗಳನ್ನು ಮೊದಲು, ಉಳಿದವನ್ನು ಆಮೇಲೆ, ಎಲೆಯ ಅಡಿ ಮೇಲು ತೋಯುವಂತೆ ಹೊಡೆದಳು. ಗಾಳಿ ಬಂದಾಗಲೆಲ್ಲ ತುಂತುರು ತಿರುಗಿ ಪಂಪಿನವರ ಮೇಲೆ ಬರುತ್ತಿತ್ತು.

"ಅಲ್ಲಾಡ್ಬೇಡಿ ಸಾಮಿ" ಎಂದಳು ಮಾರಮ್ಮ.

"ನಾನು ಅಲ್ಲಾಡದಿದ್ರೆ ಪಂಪು ಅಲ್ಲಾಡೋದಿಲ್ಲ ಕಣಮ್ಮ."

"ಎಲೆಗೆ ಏಳ್ದೆ" ಎಂದಳು.

ಹೊಡೆದದ್ದು ಎಲೆಯ ಮೇಲೆ ಒಣಗುವವರೆಗೆ ಮಳೆ ಬರಬಾರದಿತ್ತು. ಎಲ್ಲರೂ ಪಂಪ್‌ಹೌಸಿನ ಗೋಡೆಗೊರಗಿ ಮೋಡ ನೋಡುತ್ತ ಕೂತರು. ಲಕ್ಷ್ಮಿದೇವಮ್ಮ ಎಲೆಯಡಿಕೆ ಹಾಕಿಕೊಂಡಳು, ಸ್ವಲ್ಪ ಹೊತ್ತು ಬಿಟ್ಟು ಚೀಲವನ್ನು ವೇಣುಗೋಪಾಲರ ಕಡೆ ತಳ್ಳಿದಳು. ಅವರಿಗೆ ಎಲೆಯಡಿಕೆ ಅಭ್ಯಾಸವಿರಲಿಲ್ಲ. ಹಾಕಿಕೊಂಡರು. ಸಂಜೆ ಎಲೆಗಳ ಮೇಲೆ ತಿಳಿನೀಲಿ ಒಣಗಿ ಕೂತ ಮೇಲೆ ಹನಿ ಬಿತ್ತು.

ಆಮೇಲಿನ ವಾರದಲ್ಲಿ ಒಂದು ಬೆಳಿಗ್ಗೆ ಡಾಕ್ಟರು ಬಾವಿಯ ಮೂಲೆಯಿಂದ ಓಡಿ ಬಂದರು. ಅವರ ಕೈಯಲ್ಲಿ ಒಂದು ಎಲೆ. ಮೇಲುಭಾಗದಲ್ಲಿ ಎಣ್ಣೆಯ ಹನಿ ಬಿದ್ದಂಥ ಹಳದಿ ಕಲೆ, ಅಡಿಭಾಗದಲ್ಲಿ ಬಿಳಿ ಬೂಜು. "ಬಂತ್ರೀ, ಬಂತು. ಫೋಟೋದಾಗ ಎಲ್ಲಿ ಇತ್ತೋ ಅಲ್ಲೇ ಬಂದದ. ಬಾಕಿ ತೋಟದಾಗ ಏನೂ ಇಲ್ಲ."

"ನನ್ ತೋಟಕ್ಕೆ ರೋಗ ಬಂದ್ರೆ ಈವಯ್ಯ ಗಂಡು ಮಗ ಉಟ್ದಂಗೆ ಕುಣೀತಾನಲ್ಲ" ಎಂದಳು ಲಕ್ಷ್ಮಿದೇವಮ್ಮ. ಆದರೂ ಅವಳೇ ಹೋಗಿ ಸಾಲುಸಾಲು ನೋಡಿ ಬಂದಳು. ಬಾವಿಯ ಮಗ್ಗುಲಿನ ಮೂರು ಸಾಲು ಸೊರಗಿದ್ದವು. ಉಳಿದದ್ದು ಉಳಿದಿತ್ತು. ಡಾಕ್ಟರು ಮತ್ತೆ ಫೋಟೋ ತೆಗೆಸಿದರು. ಈ ಸಲ ವೇಣುಗೋಪಾಲರು ನೆಗೆಟಿವ್ ಒಣಗಿದ ಕೂಡಲೆ, ಇಳಿಜಾರು ಮೇಜಿನ ಕಡೆ ಹೋಗದಂತೆ, ಬಾಗಿಲಿನಿಂದಲೇ ಡಾಕ್ಟರ ಕೈಗೆ ಕೊಟ್ಟುಬಿಟ್ಟರು. ಬೋರ್ಡು ಬದಲಾಯಿಸುವ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ.

ಮಾರ್ಚಿನಲ್ಲಿ ಹಣ್ಣು ಕಿತ್ತರು. ಲಕ್ಷ್ಮಿದೇವಮ್ಮ ತಲೆಯ ಮೇಲೆ ಬುಟ್ಟಿ ಹೊತ್ತು ಯಲಹಂಕಕ್ಕೆ ಬಂದು, ಅದನ್ನು ಸ್ಟುಡಿಯೋದಲ್ಲಿ ಇಳಿಸಿದಳು. ಬುಟ್ಟಿಯ ನಡುವೆ ಬಾಳೆಲೆ ಅಡ್ಡವಿಟ್ಟು ಎರಡು ಪಾಲು ಮಾಡಿದ್ದಳು. ಒಂದು ಕಡೆ ಮೈತುಂಬಿದ ಗೊಂಚಲುಗಳು, ಇನ್ನೊಂದು ಕಡೆ ಆ ಮೂರು ಸಾಲಿನವು, ಚಿಕ್ಕವು, ನಡುನಡುವೆ ಉದುರಿ ಕಲೆ ಬಿದ್ದವು.

"ಅದು ನಿನ್ಗೆ ಕಣವ್ವ" ಎಂದು ಮೊದಲನೆಯದನ್ನು ಗೋದಾಳಿಗೆ ತೋರಿಸಿದಳು. "ಇದು ಸಾಮೇರಿಗೆ. ಒಂದೂ ಬುಡಂಗಿಲ್ಲ."

ವೇಣುಗೋಪಾಲರು ಒಂದು ಹಣ್ಣು ಕಿತ್ತು ಬೆಳಕಿಗೆ ಹಿಡಿದು ನೋಡಿದರು. ಸಿಪ್ಪೆಯ ಮೇಲೆ ಕಂದು ಮಚ್ಚೆ. ಲಕ್ಷ್ಮಿದೇವಮ್ಮ ಸೊಂಟದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ಗೋದಾ ತನ್ನ ಪಾಲಿನಲ್ಲಿ ಒಂದನ್ನು ಆಗಲೇ ಬಾಯಿಗೆ ಹಾಕಿಕೊಂಡಿದ್ದಳು. ಅವರು ಮಚ್ಚೆಯ ಕಡೆಯಿಂದಲೇ ಕಚ್ಚಿದರು.

"ಎಂಗೈತೆ?" ಎಂದಳು ಲಕ್ಷ್ಮಿದೇವಮ್ಮ.

"ಹುಳಿ" ಎಂದರು ವೇಣುಗೋಪಾಲರು. ಹೊಗಳದೆ, ಬಣ್ಣ ಹಚ್ಚದೆ, ಇದ್ದದ್ದನ್ನು ಇದ್ದ ಹಾಗೆ ಅಂದರು. ಲಕ್ಷ್ಮಿದೇವಮ್ಮ ತೃಪ್ತಿಯಿಂದ ಕುರ್ಚಿ ಎಳೆದುಕೊಂಡು, ಅವರು ಪೂರ್ತಿ ತಿಂದು ಮುಗಿಸುವವರೆಗೂ ಅಲ್ಲೇ ಕೂತಳು.